ಬರ್ಕ್ಲಿಯ ಸೊರೋರಿಟಿ ಮನೆಗಳ ಇತಿಹಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ಬರ್ಕ್ಲಿ ಊರಿನ ಪೀಡ್ಮಾಂಟ್ ಅವೆನ್ಯೂ, ವಾರಿಂಗ್ ಸ್ಟ್ರೀಟ್, ಚಾನಿಂಗ್ ವೇ ಕಡೆ ಹೋದರೆ ಸಾಲಾಗಿ ದೊಡ್ಡ ಮನೆಗಳು ಕಾಣುತ್ತವೆ. ಬಾಗಿಲ ಮೇಲೆ ಗ್ರೀಕ್ ಅಕ್ಷರಗಳಿರುತ್ತವೆ. ಮಕ್ಕಳನ್ನು ಅಲ್ಲಿನ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಲ್ಲಿ ಓದಲು ಬಿಟ್ಟು ಬರುವ ನಮ್ಮ ಅಪ್ಪ ಅಮ್ಮಂದಿರಿಗೆ ಇವು ಯಾರ ಮನೆ, ಹಾಸ್ಟೆಲ್ಲಾ, ಕ್ಲಬ್ಬಾ ಅನ್ನುವುದು ತಿಳಿಯುವುದಿಲ್ಲ. ಅಲ್ಲೇ ಓದುವ ಎಷ್ಟೋ ಮಕ್ಕಳಿಗೂ ಈ ಮನೆಗಳ ಹಿಂದಿನ ಕತೆ ಗೊತ್ತಿರುವುದಿಲ್ಲ. ಹಾಗಾಗಿ ಈ ಪ್ರಶ್ನೋತ್ತರ.

### ಸೊರೋರಿಟಿ ಅಂದರೆ ಏನು?

ಅಮೆರಿಕದ ಕಾಲೇಜುಗಳಲ್ಲಿ ಹುಡುಗಿಯರು ಕಟ್ಟಿಕೊಂಡ ಸಂಘ. ಹುಡುಗರದ್ದಾದರೆ ಅದು ಫ್ರಾಟರ್ನಿಟಿ. ಹೆಸರಿಗೆ ಎರಡು ಮೂರು ಗ್ರೀಕ್ ಅಕ್ಷರ ಇಟ್ಟುಕೊಳ್ಳುತ್ತಾರೆ. ಒಂದೊಂದು ಸಂಘಕ್ಕೂ ದೇಶದ ಹಲವು ಕಾಲೇಜುಗಳಲ್ಲಿ ಶಾಖೆ ಇರುತ್ತದೆ. ಆ ಶಾಖೆಗೆ ಚಾಪ್ಟರ್ ಎನ್ನುತ್ತಾರೆ. ಒಮ್ಮೆ ಸೇರಿದರೆ ಓದು ಮುಗಿದ ಮೇಲೂ ಸದಸ್ಯತ್ವ ಹೋಗುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮನೆಗಳ ಕತೆಯಲ್ಲಿ ಇದೇ ಮುಖ್ಯ.

ಇಂಥ ಸಂಘಗಳು ಹುಟ್ಟಿದ್ದು ನಡು ಅಮೆರಿಕದ ಸಣ್ಣ ಊರುಗಳಲ್ಲಿ. 1867ರ ಏಪ್ರಿಲ್‌ನಲ್ಲಿ ಇಲಿನಾಯ್ ರಾಜ್ಯದ ಮನ್ಮತ್ ಊರಿನಲ್ಲಿ 12 ಹುಡುಗಿಯರು ಸೇರಿ ಒಂದು ಸಂಘ ಕಟ್ಟಿದರು. ಇವತ್ತಿನ ಪೈ ಬೀಟಾ ಫೈ ಅದೇ. ಅವರು ಸೇರಿದ್ದು ಹೋಲ್ಟ್ ಅನ್ನುವವರ ಮನೆಯ ಮಹಡಿಯ ಬಾಡಿಗೆ ಕೋಣೆಯಲ್ಲಿ. 1870ರ ಜನವರಿಯಲ್ಲಿ ಇಂಡಿಯಾನಾದ ಗ್ರೀನ್‌ಕ್ಯಾಸಲ್‌ನಲ್ಲಿ ಕಪ್ಪಾ ಆಲ್ಫಾ ತೀಟಾ ಶುರುವಾಯಿತು. ಹುಡುಗರ ಕಾಲೇಜಿಗೆ ಆಗಷ್ಟೇ ಕಾಲಿಟ್ಟಿದ್ದ ಕೆಲವೇ ಹುಡುಗಿಯರು ಒಬ್ಬರಿಗೊಬ್ಬರು ಜೊತೆಯಾಗಲು ಕಟ್ಟಿಕೊಂಡದ್ದು ಇದು.

### ದೇಶದ ಮೊದಲ ಸೊರೋರಿಟಿ ಮನೆ ಬರ್ಕ್ಲಿಯದ್ದಾ?

ಅಲ್ಲ. ಆ ಹೆಸರು ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ಗೆ ಸಲ್ಲಬೇಕು. ಅಲ್ಲಿ 1872ರಲ್ಲಿ ಶುರುವಾದ ಆಲ್ಫಾ ಫೈ ಸಂಘ 1886ರಲ್ಲಿ ತನ್ನದೇ ಮನೆ ಕಟ್ಟಿಸಿತು. ಹೆಂಗಸರ ಸಂಘವೊಂದು ತಾನೇ ಹೊಸದಾಗಿ ಕಟ್ಟಿಸಿದ ಮೊದಲ ಮನೆ ಅದು. ಅದಕ್ಕೂ ಮುಂಚೆ ಹೆಚ್ಚಾಗಿ ಬಾಡಿಗೆ ಕೋಣೆಗಳಲ್ಲೇ ಸಭೆ ನಡೆಯುತ್ತಿತ್ತು.

### ಹಾಗಿದ್ದರೆ ಬರ್ಕ್ಲಿಯ ಕತೆ ಯಾಕೆ ಮುಖ್ಯ?

ಯಾಕೆಂದರೆ ಅಲ್ಲಿ ಯೂನಿವರ್ಸಿಟಿ ತುಂಬಾ ವರ್ಷ ಹಾಸ್ಟೆಲ್ಲನ್ನೇ ಕಟ್ಟಲಿಲ್ಲ. ಬೇರೆ ಊರುಗಳಲ್ಲಿ ಸೊರೋರಿಟಿ ಮನೆ ಹಾಸ್ಟೆಲ್ಲಿನ ಜೊತೆಗೆ ಇದ್ದ ಇನ್ನೊಂದು ಆಯ್ಕೆ. ಬರ್ಕ್ಲಿಯಲ್ಲಿ ಹಾಸ್ಟೆಲ್ ಬರುವುದಕ್ಕೆ ಎಷ್ಟೋ ಮುಂಚೆಯೇ ಈ ಮನೆಗಳು ಬಂದಿದ್ದವು. ಹುಡುಗಿಯರು ತಲೆ ಮೇಲೊಂದು ಸೂರು ಹುಡುಕಿಕೊಂಡ ಕತೆ ಅಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

### ಯೂನಿವರ್ಸಿಟಿ ಹುಡುಗಿಯರನ್ನು ಸೇರಿಸಿಕೊಂಡ ಮೇಲೆ ಇರಲು ಜಾಗ ಕೊಡಲಿಲ್ವಾ?

ಕೊಡಲಿಲ್ಲ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಹುಟ್ಟಿದ್ದು 1868ರಲ್ಲಿ. 1870ರಲ್ಲಿ ಹುಡುಗಿಯರಿಗೂ ಪ್ರವೇಶ ಕೊಡುವ ತೀರ್ಮಾನವಾಯಿತು. 1873ರಲ್ಲಿ ಯೂನಿವರ್ಸಿಟಿ ಓಕ್ಲಂಡಿನಿಂದ ಬರ್ಕ್ಲಿಗೆ ಬಂತು. ಬಂದಾಗ ಪಾಠದ ಕಟ್ಟಡಗಳಿದ್ದವು, ಮಲಗುವ ಕೋಣೆಗಳಿರಲಿಲ್ಲ. ಎಷ್ಟೋ ಮಕ್ಕಳು ದಿನಾ ಓಕ್ಲಂಡಿನಿಂದ ಓಡಾಡುತ್ತಿದ್ದರು. ದೂರದ ಊರಿನವರು ಪಟ್ಟಣದ ಮನೆಗಳಲ್ಲಿ ಊಟ ಸಮೇತ ಕೋಣೆ ಹಿಡಿಯುತ್ತಿದ್ದರು.

ಯೂನಿವರ್ಸಿಟಿಯ ಮೊದಲ ಹಾಸ್ಟೆಲ್ ಬೌಲ್ಸ್ ಹಾಲ್. ಅದು ತೆರೆದದ್ದು 1929ರಲ್ಲಿ, ಅದೂ ಹುಡುಗರಿಗೆ. ಹುಡುಗಿಯರಿಗೆ ಸ್ಟರ್ನ್ ಹಾಲ್ ಬಂದದ್ದು 1942ರಲ್ಲಿ. ಲೆಕ್ಕ ಹಾಕಿ ನೋಡಿ: 1870ರಿಂದ 1942ರವರೆಗೆ 72 ವರ್ಷ. ಆ ಎರಡು ಕಟ್ಟಡಗಳೂ ದಾನಿಗಳ ಹಣದಿಂದ ಎದ್ದವು, ಮತ್ತು ಇಬ್ಬರು ದಾನಿಗಳೂ ಗಂಡನ ನೆನಪಿಗೆ ದುಡ್ಡು ಕೊಟ್ಟ ಹೆಂಗಸರು. ಒಂದು ಸರ್ಕಾರಿ ಯೂನಿವರ್ಸಿಟಿ ಮೂರು ತಲೆಮಾರಿನ ಹುಡುಗಿಯರಿಗೆ ಪಾಠ ಹೇಳಿ, ರಾತ್ರಿ ಎಲ್ಲಿ ಇರುತ್ತೀರಿ ಎಂದು ಕೇಳದೇ ಹೋದದ್ದು ನನಗೆ ಇವತ್ತಿಗೂ ಬೇಸರ ತರುವ ವಿಷಯ.

### ಆ ವರ್ಷಗಳಲ್ಲಿ ಹುಡುಗಿಯರು ಹೇಗೆ ನಿಭಾಯಿಸಿದರು?

ಕಷ್ಟದಿಂದಲೇ. ಬಾಡಿಗೆ ಕೋಣೆಗಳು ಚೆನ್ನಾಗಿರುತ್ತಿರಲಿಲ್ಲ. 1890ರ ದಶಕದಲ್ಲಿ ಮೇರಿ ಬೆನೆಟ್ ರಿಟರ್ ಎಂಬ ವೈದ್ಯೆ ಬರ್ಕ್ಲಿಯ ಹುಡುಗಿಯರ ಆರೋಗ್ಯ ನೋಡಿಕೊಳ್ಳುತ್ತಿದ್ದರು. ಹುಡುಗಿಯರು ಎಂಥ ಕೋಣೆಗಳಲ್ಲಿ ಇದ್ದಾರೆ, ಏನು ತಿನ್ನುತ್ತಿದ್ದಾರೆ ಎಂದು ವಿಚಾರಿಸಿ ನೋಡಿದವರಲ್ಲಿ ಅವರೇ ಮೊದಲಿಗರು. ಕಾಯಿಲೆಗೂ ಕೋಣೆಗೂ ಸಂಬಂಧ ಇದೆ ಎಂದು ಅವರು ಕಂಡುಕೊಂಡರು.

ಅವರ ಮಾತಿಗೆ ಕಿವಿಗೊಟ್ಟವರು ಫೀಬಿ ಹರ್ಸ್ಟ್. ಗಣಿ ಉದ್ಯಮದ ಸಿರಿವಂತ ಮನೆತನದವರು. 1897ರಲ್ಲಿ ಯೂನಿವರ್ಸಿಟಿಯ ಆಡಳಿತ ಮಂಡಳಿಗೆ ಬಂದ ಮೊದಲ ಹೆಂಗಸು ಅವರೇ. 1900ರ ಹೊತ್ತಿಗೆ ಅವರ ಬೆಂಬಲದಿಂದ ಹುಡುಗಿಯರು ತಾವೇ ಖರ್ಚು ಹಂಚಿಕೊಂಡು ನಡೆಸುವ ಎರಡು ಮನೆಗಳು ಶುರುವಾದವು. ಒಂದರ ಹೆಸರು ಪಿಯೆ ಡೆಲ್ ಮಾಂಟೆ, ಇನ್ನೊಂದು ಎನೆವಾ. ಇವು ಸೊರೋರಿಟಿಗಳಲ್ಲ, ಮನೆ ಕ್ಲಬ್ಬುಗಳು. ಸಂಘದ ಆಯ್ಕೆಗೆ ಸಿಗದ, ಜಾಸ್ತಿ ದುಡ್ಡಿಲ್ಲದ ಹುಡುಗಿಯರಿಗೆ ಇವು ಆಸರೆಯಾದವು. ಮುಂದೆ 1933ರಲ್ಲಿ ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳ ಸಹಕಾರಿ ಮನೆಗಳು ಬಂದಾಗಲೂ ಇದೇ ದಾರಿ: ಅಡುಗೆ, ಪಾತ್ರೆ, ಗುಡಿಸುವುದು ಎಲ್ಲ ಹಂಚಿಕೊಂಡು ಖರ್ಚು ಇಳಿಸುವುದು. ಸೊರೋರಿಟಿ ಮನೆಗಳ ಕತೆ ಹೇಳುವಾಗ ಈ ಬಡ ಅಕ್ಕತಂಗಿಯರ ಮನೆಗಳನ್ನು ಬಿಟ್ಟುಬಿಡಬಾರದು.

### ಬರ್ಕ್ಲಿಗೆ ಮೊದಲು ಬಂದ ಸೊರೋರಿಟಿ ಯಾವುದು?

ಕಪ್ಪಾ ಕಪ್ಪಾ ಗಾಮಾ, 1880ರಲ್ಲಿ. ಅದು ಕೆಲವು ವರ್ಷ ನಡೆದು ನಿಂತುಹೋಯಿತು, 1897ರಲ್ಲಿ ಮತ್ತೆ ಶುರುವಾಯಿತು. ನಡುವೆ 1890ರಲ್ಲಿ ಕಪ್ಪಾ ಆಲ್ಫಾ ತೀಟಾ, 1894ರಲ್ಲಿ ಗಾಮಾ ಫೈ ಬೀಟಾ ಬಂದವು. 1900ರ ನಂತರದ ಹತ್ತು ವರ್ಷದಲ್ಲಿ ಇನ್ನೂ ಹಲವು ಸೇರಿಕೊಂಡವು. ಆಗ ಬೆಂಜಮಿನ್ ಐಡ್ ವೀಲರ್ ಯೂನಿವರ್ಸಿಟಿಯ ಅಧ್ಯಕ್ಷರು. ಹಾಸ್ಟೆಲ್ ಕಟ್ಟುವ ಬದಲು ಸಂಘಗಳ ಮನೆಗಳು ಬೆಳೆಯಲಿ ಅನ್ನುವುದೇ ಆ ಕಾಲದ ರೀತಿ. ಅದರಲ್ಲಿ ಯೂನಿವರ್ಸಿಟಿಗೆ ಖರ್ಚಿಲ್ಲವಲ್ಲ!

### ಮನೆ ಕೊಳ್ಳಲು ಹುಡುಗಿಯರಿಗೆ ದುಡ್ಡು ಎಲ್ಲಿಂದ ಬಂತು?

ಇಡೀ ಇತಿಹಾಸದಲ್ಲಿ ನನಗೆ ತುಂಬಾ ಹಿಡಿಸುವ ಭಾಗ ಇದು.

ಮೊದಲು ಬಾಡಿಗೆ ಮನೆ ಹಿಡಿಯುತ್ತಿದ್ದರು. ಹತ್ತು ಹದಿನೈದು ಹುಡುಗಿಯರು ಸೇರಿ ಬಾಡಿಗೆ, ಅಡುಗೆಯವರ ಸಂಬಳ, ಕಟ್ಟಿಗೆಯ ಖರ್ಚು ಹಂಚಿಕೊಳ್ಳುವುದು. ಕೊನೆಗೆ ಸ್ವಂತ ಮನೆ ಬೇಕು ಅನ್ನಿಸುತ್ತಿತ್ತು. ಆದರೆ ವಿದ್ಯಾರ್ಥಿನಿಯರು ನಾಲ್ಕು ವರ್ಷಕ್ಕೆ ಹೊರಟುಹೋಗುವವರು. ಅವರಿಗೆ ಯಾರು ಸಾಲ ಕೊಡುತ್ತಾರೆ? ಆಗ ಕೆಲಸಕ್ಕೆ ಬಂದದ್ದು ಆ ಮುಗಿಯದ ಸದಸ್ಯತ್ವ. ಓದು ಮುಗಿಸಿದ ಹಳೆಯ ಸದಸ್ಯೆಯರು ಸೇರಿ ಒಂದು ಕಂಪನಿಯ ರೂಪದ ಸಂಸ್ಥೆ ನೋಂದಾಯಿಸುತ್ತಿದ್ದರು. ಅದಕ್ಕೆ ಹೌಸ್ ಕಾರ್ಪೊರೇಶನ್ ಎನ್ನುತ್ತಾರೆ. ಜಾಗ, ಮನೆ, ಸಾಲ ಎಲ್ಲ ಆ ಸಂಸ್ಥೆಯ ಹೆಸರಿನಲ್ಲಿ. ಈಗ ಓದುವ ಹುಡುಗಿಯರು ಬಾಡಿಗೆ ಕಟ್ಟುತ್ತಾರೆ, ಆ ಬಾಡಿಗೆಯಿಂದ ಕಂತು ತೀರುತ್ತದೆ. ಕಡಿಮೆ ಬಿದ್ದದ್ದಕ್ಕೆ ಹಳೆಯ ಸದಸ್ಯೆಯರ ದೇಣಿಗೆ, ಅವರೇ ಕೊಡುವ ಕೈಸಾಲ. ಇವತ್ತಿಗೂ ಹೆಚ್ಚಿನ ಮನೆಗಳು ನಡೆಯುವುದು ಹೀಗೆಯೇ. ಬರ್ಕ್ಲಿಯ ಈ ಮನೆಗಳು ಯೂನಿವರ್ಸಿಟಿಯ ಆಸ್ತಿಯಲ್ಲ, ಖಾಸಗಿ ಆಸ್ತಿ.

ಕಾಲವನ್ನೂ ಗಮನಿಸಿ. ಕ್ಯಾಲಿಫೋರ್ನಿಯಾದಲ್ಲಿ ಹೆಂಗಸರಿಗೆ ಮತದ ಹಕ್ಕು ಬಂದದ್ದು 1911ರಲ್ಲಿ. ಸಾಲ ಕೊಡುವಾಗ ಹೆಂಗಸು ಎಂಬ ಕಾರಣಕ್ಕೆ ಭೇದ ಮಾಡಬಾರದು ಅನ್ನುವ ಅಮೆರಿಕದ ಕೇಂದ್ರ ಕಾನೂನು ಬಂದದ್ದು 1974ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ಈ ಹೆಂಗಸರು ಜಾಗ ನೋಡಿ, ಪತ್ರ ಮಾಡಿಸಿ, ಸಾಲ ತಂದು, ಮೇಸ್ತ್ರಿ ಹತ್ತಿರ ಲೆಕ್ಕ ಕೇಳಿ ಮನೆ ಎಬ್ಬಿಸಿದರು. ವೋಟು ಹಾಕುವ ಹಕ್ಕಿಲ್ಲದವರು ಆಸ್ತಿಯ ಒಡತಿಯರಾದರು. ಚಹಾ ಕೂಟ, ಹಾಡು, ಉಡುಗೆ ಅಂತ ಸೊರೋರಿಟಿಗಳನ್ನು ಹಗುರವಾಗಿ ನೋಡುವವರು ಆ ಲೆಕ್ಕದ ಪುಸ್ತಕಗಳ ಕಡೆ ಒಮ್ಮೆ ನೋಡಬೇಕು. ಸಭೆ ನಡೆಸುವುದು, ಬಜೆಟ್ ಹಾಕುವುದು, ಜಗಳ ತೀರಿಸುವುದು, ಇವನ್ನೆಲ್ಲ ಅವರು ಕಲಿತದ್ದು ಅಲ್ಲಿ.

### ಈ ಮನೆಗಳನ್ನು ಯಾರು ವಿನ್ಯಾಸ ಮಾಡಿದರು?

ಹಲವರು. ಆದರೆ ಒಬ್ಬರ ಹೆಸರು ಹೇಳಲೇಬೇಕು: ಜೂಲಿಯಾ ಮಾರ್ಗನ್. 1894ರಲ್ಲಿ ಬರ್ಕ್ಲಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದು ಮುಗಿಸಿದರು. ಪ್ಯಾರಿಸ್ಸಿನ ಪ್ರಸಿದ್ಧ ಎಕೋಲ್ ದೆ ಬೋಜಾರ್‌ನ ವಾಸ್ತುಶಿಲ್ಪ ವಿಭಾಗಕ್ಕೆ ಸೇರಿದ ಮೊದಲ ಹೆಂಗಸು ಅವರು. 1904ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರ್ಕಿಟೆಕ್ಟ್ ಲೈಸೆನ್ಸ್ ಪಡೆದ ಮೊದಲ ಹೆಂಗಸೂ ಹೌದು.

ಓದುವಾಗ ಮಾರ್ಗನ್ ಕಪ್ಪಾ ಆಲ್ಫಾ ತೀಟಾ ಸೇರಿದ್ದರು. 1908ರಲ್ಲಿ ಡುರಂಟ್ ಅವೆನ್ಯೂದಲ್ಲಿ ಅದೇ ಸಂಘಕ್ಕೆ ಮನೆ ಬೇಕಾದಾಗ ನಕ್ಷೆ ಬರೆದವರು ಅವರೇ. ಒಬ್ಬ ಸದಸ್ಯೆ ತನ್ನ ಕಿರಿಯರಿಗೆ ಮನೆ ಕಟ್ಟಿಕೊಟ್ಟಳು. ಅವರ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಹುಡುಗಿಯರ ಜಿಮ್ನೇಷಿಯಂ, ವೈಡಬ್ಲ್ಯೂಸಿಎ ಎಂಬ ಯುವತಿಯರ ಸಂಸ್ಥೆಯ ಕಟ್ಟಡಗಳು, ಮಹಿಳಾ ಕ್ಲಬ್ಬುಗಳು ಹೀಗೆ ಹೆಂಗಸರು ಸೇರುವ ಜಾಗಗಳನ್ನು ಜೀವನವಿಡೀ ಕಟ್ಟಿದರು. ಕರಾವಳಿಯ ಹರ್ಸ್ಟ್ ಕ್ಯಾಸಲ್‌ನಿಂದ ಅವರ ಹೆಸರು ಜಗತ್ತಿಗೆ ಗೊತ್ತಾಯಿತು. ನನ್ನ ಮಟ್ಟಿಗೆ ಅವರ ದೊಡ್ಡತನ ಈ ಸಣ್ಣ ಕಟ್ಟಡಗಳಲ್ಲೇ ಹೆಚ್ಚು. ಅಮೆರಿಕದ ಆರ್ಕಿಟೆಕ್ಟರ ಸಂಸ್ಥೆ ತನ್ನ ಚಿನ್ನದ ಪದಕವನ್ನು ಅವರಿಗೆ ಕೊಟ್ಟದ್ದು 2014ರಲ್ಲಿ, ಅವರು ತೀರಿಕೊಂಡು 57 ವರ್ಷದ ಮೇಲೆ. ಆ ಪದಕ ಪಡೆದ ಮೊದಲ ಹೆಂಗಸೂ ಅವರೇ.

### ಮನೆಯೊಳಗಿನ ದಿನಚರಿ ಹೇಗಿತ್ತು?

ಕೆಳಗೆ ದೊಡ್ಡ ಹಾಲ್, ಊಟದ ಮನೆ, ಅಡುಗೆ ಮನೆ. ಮೇಲೆ ಓದುವ ಕೋಣೆಗಳು. ಮಲಗುವುದು ಮಾತ್ರ ಬೇರೆ ಕಡೆ: ಮನೆಯ ಹಿಂಭಾಗದಲ್ಲೋ ಮೇಲ್ಗಡೆಯೋ ಸಾಲು ಮಂಚಗಳಿದ್ದ, ಕಿಟಕಿಗಳನ್ನು ಸದಾ ತೆರೆದಿಡುವ ಜಗಲಿ. ಕ್ಷಯರೋಗದ ಭಯ ಇದ್ದ ಕಾಲ. ತಣ್ಣನೆಯ ಹೊಸ ಗಾಳಿಯಲ್ಲಿ ಮಲಗಿದರೆ ಆರೋಗ್ಯ ಅನ್ನುವ ನಂಬಿಕೆ ಇತ್ತು. ಒಂದೊಂದು ಕೋಣೆಯಲ್ಲೂ ಮಂಚ ಇಡದೆ ಜಾಗ ಉಳಿಸಬಹುದು ಅನ್ನುವ ಲೆಕ್ಕವೂ ಅದರಲ್ಲಿತ್ತು.

ಮನೆಯಲ್ಲಿ ಒಬ್ಬರು ಹಿರಿಯ ಹೆಂಗಸು ಇರುತ್ತಿದ್ದರು. ಹೌಸ್ ಮದರ್ ಎನ್ನುತ್ತಿದ್ದರು. ಹೆಚ್ಚಾಗಿ ವಿಧವೆಯರು. ಯಾರು ಬಂದರು, ಯಾರು ಹೋದರು, ರಾತ್ರಿ ಬಾಗಿಲು ಯಾವಾಗ ಹಾಕಬೇಕು ಎಲ್ಲ ಅವರ ಕಣ್ಣಳತೆಯಲ್ಲಿ. ಹುಡುಗರ ಮನೆಗಳಿಗಿಂತ ಹುಡುಗಿಯರ ಮನೆಗಳಿಗೆ ಕಟ್ಟುಪಾಡು ಯಾವಾಗಲೂ ಜಾಸ್ತಿ. ರಾತ್ರಿ ಗಡುವು, ಹೋಗುವ ಜಾಗವನ್ನು ಪುಸ್ತಕದಲ್ಲಿ ಬರೆದಿಡುವುದು, ಗಂಡಸರು ಹಾಲ್ ದಾಟಬಾರದು ಅನ್ನುವ ನಿಯಮ. ಇವು 1960ರ ದಶಕದವರೆಗೂ ನಡೆದವು.

ಇನ್ನೊಂದು ಸಂಗತಿ ಓದುಗರಿಗೆ ಇಷ್ಟವಾಗಬಹುದು. ಊಟ ಬಡಿಸಿ ಪಾತ್ರೆ ತೊಳೆಯುತ್ತಿದ್ದವರು ಗಂಡು ವಿದ್ಯಾರ್ಥಿಗಳು. ಅವರನ್ನು ಹ್ಯಾಷರ್ ಎಂದು ಕರೆಯುತ್ತಿದ್ದರು. ಕೂಲಿಯ ಬದಲು ಊಟ ಸಿಗುತ್ತಿತ್ತು. ಕೈಯಲ್ಲಿ ಕಾಸಿಲ್ಲದ ಎಷ್ಟೋ ಹುಡುಗರು ಸೊರೋರಿಟಿ ಅಡುಗೆ ಮನೆಯ ಅನ್ನದಲ್ಲೇ ಡಿಗ್ರಿ ಮುಗಿಸಿದರು.

### 1923ರ ಬೆಂಕಿಯಲ್ಲಿ ಏನಾಯಿತು?

ಆ ವರ್ಷ ಸೆಪ್ಟೆಂಬರ್ 17ರಂದು ಬೆಟ್ಟದ ಆಚೆಯ ವೈಲ್ಡ್‌ಕ್ಯಾಟ್ ಕ್ಯಾನ್ಯನ್ ಕಡೆಯಿಂದ ಒಣ ಗಾಳಿಯ ಜೊತೆ ಬೆಂಕಿ ಇಳಿಯಿತು. ಕ್ಯಾಂಪಸ್ಸಿನ ಉತ್ತರಕ್ಕೆ ಮರದ ಹಲಗೆಯ ಚಾವಣಿ ಇದ್ದ ಸುಂದರ ಮನೆಗಳ ಬಡಾವಣೆ ಇತ್ತು. ಕೆಲವೇ ಗಂಟೆಗಳಲ್ಲಿ 600ರ ಹತ್ತಿರ ಕಟ್ಟಡಗಳು ಬೂದಿಯಾದವು. ಸಾವಿರದಷ್ಟು ವಿದ್ಯಾರ್ಥಿಗಳು ನೆಲೆ ಕಳೆದುಕೊಂಡರು. ಅವರಲ್ಲಿ ಬಾಡಿಗೆ ಕೋಣೆಯವರು, ಫ್ರಾಟರ್ನಿಟಿಯವರು, ಸೊರೋರಿಟಿಯವರು ಎಲ್ಲ ಇದ್ದರು. ಕ್ಯಾಂಪಸ್ಸಿನ ಅಂಚಿಗೆ ಬಂದಾಗ ಗಾಳಿ ತಿರುಗಿ ಬೆಂಕಿ ನಿಂತಿತು.

ಗ್ರೀಕ್ ಅಕ್ಷರದ ಮನೆಗಳು ಇವತ್ತು ಕ್ಯಾಂಪಸ್ಸಿನ ದಕ್ಷಿಣ ಮತ್ತು ಆಗ್ನೇಯದಲ್ಲಿ ಒತ್ತೊತ್ತಾಗಿರುವುದಕ್ಕೆ ಈ ಬೆಂಕಿಯೂ ಒಂದು ಕಾರಣ. ಪೀಡ್ಮಾಂಟ್ ಅವೆನ್ಯೂದ ನಕ್ಷೆಯನ್ನು 1865ರಲ್ಲೇ ಫ್ರೆಡ್ರಿಕ್ ಲಾ ಓಮ್‌ಸ್ಟೆಡ್ ಹಾಕಿದ್ದರು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದವರು ಇವರೇ. ಬಳುಕುವ ರಸ್ತೆ, ಎರಡೂ ಕಡೆ ಮರ, ದೊಡ್ಡ ಸೈಟುಗಳು. ಶ್ರೀಮಂತ ಕುಟುಂಬಗಳ ದೊಡ್ಡ ಮನೆಗಳು ಕಾಲಕ್ರಮದಲ್ಲಿ ಸಂಘಗಳ ಕೈಗೆ ಬಂದವು. ಕೆಲವು ಕಡೆ ಹೊಸ ಮನೆಗಳೂ ಎದ್ದವು.

### ಆ ಬಾಗಿಲು ಎಲ್ಲ ಹುಡುಗಿಯರಿಗೂ ತೆರೆದಿತ್ತಾ?

ಇಲ್ಲ. ಇಲ್ಲಿ ಸ್ವಲ್ಪ ಉದ್ದವಾಗಿ ಹೇಳಬೇಕು.

ಸಂಘಗಳು ತಮಗೆ ಬೇಕಾದವರನ್ನು ಮಾತ್ರ ಆರಿಸಿಕೊಳ್ಳುತ್ತಿದ್ದವು. ಕಪ್ಪು ಜನಾಂಗದವರು, ಏಷ್ಯಾದವರು, ಎಷ್ಟೋ ಸಲ ಯಹೂದಿ ಹುಡುಗಿಯರು, ಇವರಿಗೆಲ್ಲ ಆಹ್ವಾನವೇ ಬರುತ್ತಿರಲಿಲ್ಲ. ಮನೆ ಕಟ್ಟದ ಯೂನಿವರ್ಸಿಟಿ ಆ ಕೆಲಸವನ್ನು ಸಂಘಗಳಿಗೆ ಬಿಟ್ಟಾಗ, ಯಾರಿಗೆ ಸೂರು ಸಿಗಬೇಕು ಅನ್ನುವ ತೀರ್ಮಾನವೂ ಸಂಘಗಳ ಕೈಗೆ ಹೋಯಿತು.

ಐಡಾ ಲೂಯಿಸ್ ಜ್ಯಾಕ್ಸನ್ ಎಂಬ ಹುಡುಗಿ ಮಿಸಿಸಿಪ್ಪಿಯಿಂದ ಬಂದು 1920ರ ಸುಮಾರಿಗೆ ಬರ್ಕ್ಲಿಯಲ್ಲಿ ಓದುತ್ತಿದ್ದರು. ಇಡೀ ಯೂನಿವರ್ಸಿಟಿಯಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳು 17 ಮಂದಿ. 1921ರಲ್ಲಿ ಅವರು ಗೆಳತಿಯರ ಜೊತೆ ಸೇರಿ ಆಲ್ಫಾ ಕಪ್ಪಾ ಆಲ್ಫಾದ ಚಾಪ್ಟರ್ ಶುರು ಮಾಡಿದರು. ಇದು 1908ರಲ್ಲಿ ವಾಷಿಂಗ್ಟನ್ನಿನ ಹಾವರ್ಡ್ ಯೂನಿವರ್ಸಿಟಿಯಲ್ಲಿ ಹುಟ್ಟಿದ ಸಂಘ. ಅದೇ ವರ್ಷ ಡೆಲ್ಟಾ ಸಿಗ್ಮಾ ತೀಟಾ ಕೂಡ ಬಂತು. ವಾರ್ಷಿಕ ಸಂಚಿಕೆಗಾಗಿ ಜ್ಯಾಕ್ಸನ್ ಮತ್ತು ಗೆಳತಿಯರು ದುಡ್ಡು ಕಟ್ಟಿ ಫೋಟೋ ತೆಗೆಸಿಕೊಂಡರು. ಸಂಚಿಕೆ ಬಂತು, ಅವರ ಫೋಟೋ ಇರಲಿಲ್ಲ. ಪೀಡ್ಮಾಂಟ್ ರಸ್ತೆಯಲ್ಲಿ ಅವರಿಗೆ ಮನೆಯ ಮಾತಂತೂ ದೂರವೇ. ಮುಂದೆ ಜ್ಯಾಕ್ಸನ್ ಶಿಕ್ಷಕಿಯಾದರು, ತಮ್ಮ ಸಂಘದ ರಾಷ್ಟ್ರೀಯ ಅಧ್ಯಕ್ಷೆಯಾದರು, ಮಿಸಿಸಿಪ್ಪಿಯ ಹಳ್ಳಿಗಳ ಬಡವರಿಗೆ ವೈದ್ಯಕೀಯ ನೆರವು ಕಳಿಸುವ ಯೋಜನೆ ನಡೆಸಿದರು. ಇವತ್ತು ಬರ್ಕ್ಲಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ಒಂದು ವಸತಿ ಕಟ್ಟಡಕ್ಕೆ ಐಡಾ ಲೂಯಿಸ್ ಜ್ಯಾಕ್ಸನ್ ಹೌಸ್ ಎಂದೇ ಹೆಸರು.

ಲಾಸ್ ಏಂಜಲಿಸ್‌ನ ಯುಸಿಎಲ್‌ಎದಲ್ಲಿ 1929ರಲ್ಲಿ ಮಾನ್ಯತೆ ಪಡೆದ ಕೈ ಆಲ್ಫಾ ಡೆಲ್ಟಾ ಜಪಾನಿ ಮೂಲದ ಹುಡುಗಿಯರ ಸಂಘ. ಅವರು ಕ್ಯಾಂಪಸ್ ಹತ್ತಿರ ಮನೆ ಕೊಳ್ಳಲು ಹೊರಟಾಗ ಅಡ್ಡ ಬಂದದ್ದು ಆಸ್ತಿ ಪತ್ರದ ಷರತ್ತು: ಬಿಳಿಯರಲ್ಲದವರಿಗೆ ಮಾರಬಾರದು. 1942ರಲ್ಲಿ, ಜಪಾನಿನ ಜೊತೆ ಯುದ್ಧ ನಡೆಯುತ್ತಿದ್ದಾಗ, ಅಮೆರಿಕ ಸರ್ಕಾರ ಜಪಾನಿ ಮೂಲದವರನ್ನು ಬಂಧನ ಶಿಬಿರಗಳಿಗೆ ಸಾಗಿಸಿದಾಗ ಸಂಘವೇ ಮುಚ್ಚಿತು. ಯುದ್ಧ ಮುಗಿದ ಮೇಲೆ ಹುಡುಗಿಯರು ಬಂದು ಅದನ್ನು ಮತ್ತೆ ತೆರೆದರು.

ಬರ್ಕ್ಲಿಯಲ್ಲೂ ಹೊರಗಿನವರನ್ನು ದೂರ ಇಡುವ ರೀತಿ ಇದೇ ಇತ್ತು, ಮತ್ತು ಅದು ನಮ್ಮ ದೇಶದವರಿಗೂ ತಟ್ಟಿದೆ. 1915ರಲ್ಲಿ ಅಮೆರಿಕಕ್ಕೆ ಬಂದ ಕಲಾ ಬಾಗೈ ಮತ್ತು ಅವರ ಗಂಡ ವೈಷ್ಣೋ ದಾಸ್ ಬಾಗೈ ಬರ್ಕ್ಲಿಯಲ್ಲಿ ಒಂದು ಮನೆ ಕೊಂಡರು. ಸಾಮಾನು ಹೊತ್ತು ಬಂದ ದಿನ ಅಕ್ಕಪಕ್ಕದವರು ಮನೆಗೆ ಬೀಗ ಜಡಿದಿದ್ದರು. ಮೂವರು ಮಕ್ಕಳೊಂದಿಗೆ ಅವರು ವಾಪಸ್ ಹೋದರು. ಪೇಟೆಯ ನಡುವಿನ ಒಂದು ರಸ್ತೆಗೆ ಕಲಾ ಬಾಗೈ ವೇ ಎಂದು ಹೆಸರಿಡಲು ನಗರಸಭೆ 2020ರಲ್ಲಿ ತೀರ್ಮಾನಿಸಿತು. ಬರ್ಕ್ಲಿಗೆ ಹೋದ ಕನ್ನಡದವರು ಆ ಫಲಕದ ಮುಂದೆ ಒಂದು ನಿಮಿಷ ನಿಲ್ಲಬೇಕು ಅನ್ನುವುದು ನನ್ನ ಆಸೆ.

### ಈ ಭೇದ ಕೊನೆಗೆ ಹೇಗೆ ಹೋಯಿತು?

ತಾನಾಗಿ ಹೋಗಲಿಲ್ಲ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆಸ್ತಿ ಪತ್ರದ ಅಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡಬಾರದು ಎಂದಿತು. 1957ರಲ್ಲಿ ಬರ್ಕ್ಲಿಯ ಕೆಲವು ವಿದ್ಯಾರ್ಥಿಗಳು ಫ್ರಾಟರ್ನಿಟಿ, ಸೊರೋರಿಟಿಗಳ ಜನಾಂಗಭೇದವನ್ನೇ ಚುನಾವಣೆಯ ವಿಷಯ ಮಾಡಿದರು. ಸ್ಲೇಟ್ ಎಂಬ ವಿದ್ಯಾರ್ಥಿ ಪಕ್ಷ ಹುಟ್ಟಿದ್ದು ಆ ಚಳವಳಿಯಿಂದ. 1964ರ ದೊಡ್ಡ ವಾಕ್ ಸ್ವಾತಂತ್ರ್ಯ ಹೋರಾಟಕ್ಕೆ ನೆಲ ಹದ ಮಾಡಿದವರು ಇವರೇ. 1959ರಲ್ಲಿ ಯೂನಿವರ್ಸಿಟಿ ನಿಯಮ ಮಾಡಿ, 1964ರೊಳಗೆ ಎಲ್ಲ ಸಂಘಗಳೂ ಭೇದದ ಷರತ್ತುಗಳನ್ನು ತೆಗೆಯಬೇಕು ಎಂದಿತು.

ಊರಿನ ಕತೆ ಇನ್ನೂ ಕಷ್ಟದ್ದು. ಬರ್ಕ್ಲಿ ಭಾಗದ ಶಾಸಕ ಬೈರನ್ ರಮ್‌ಫರ್ಡ್ ಮೆಡಿಕಲ್ ಶಾಪ್ ನಡೆಸುತ್ತಿದ್ದ ಕಪ್ಪು ಜನಾಂಗದ ನಾಯಕ. ಮನೆ ಮಾರುವಾಗ, ಬಾಡಿಗೆ ಕೊಡುವಾಗ ಭೇದ ಮಾಡಬಾರದು ಅನ್ನುವ ರಾಜ್ಯ ಕಾನೂನನ್ನು 1963ರಲ್ಲಿ ತಂದರು. ಮರುವರ್ಷವೇ ರಾಜ್ಯದ ಮತದಾರರು ಅದನ್ನು ತಳ್ಳಿಹಾಕಿದರು. 1967ರಲ್ಲಿ ಸುಪ್ರೀಂ ಕೋರ್ಟು ಆ ತಳ್ಳಿಹಾಕಿದ್ದನ್ನೇ ತಪ್ಪು ಎಂದಿತು. ನಿಯಮ ಬದಲಾದರೂ ಮನೆಯೊಳಗಿನ ಮುಖಗಳು ಬದಲಾಗಲು ಇನ್ನೂ ವರ್ಷಗಳು ಬೇಕಾದವು.

### ಪಕ್ಕದ ಸ್ಟ್ಯಾನ್‌ಫರ್ಡಿನಲ್ಲಿ ಸೊರೋರಿಟಿಗಳನ್ನು ಮುಚ್ಚಿದ್ದರಂತೆ, ನಿಜಾನಾ?

ನಿಜ. 1944ರಲ್ಲಿ ಅಲ್ಲಿನ ಆಡಳಿತ ಮಂಡಳಿ ಸೊರೋರಿಟಿಗಳನ್ನು ನಿಲ್ಲಿಸಿತು. ಹುಡುಗಿಯರ ಸಂಖ್ಯೆ ಏರಿತ್ತು, ಮನೆಗಳಲ್ಲಿ ಜಾಗ ಇದ್ದದ್ದು ಸ್ವಲ್ಪ ಜನಕ್ಕೆ ಮಾತ್ರ. ಆಯ್ಕೆಯಾದವರು, ಆಗದವರು ಅಂತ ಎರಡು ಗುಂಪಾಗಿ ಮನಸ್ತಾಪ ಬೆಳೆದಿತ್ತು. 1970ರ ದಶಕದ ಕೊನೆಯಲ್ಲಿ ಅವು ವಾಪಸ್ ಬಂದವು. ಸ್ಟ್ಯಾನ್‌ಫರ್ಡಿನಲ್ಲಿ ಮನೆಗಳಿದ್ದದ್ದು ಯೂನಿವರ್ಸಿಟಿಯ ನೆಲದಲ್ಲಿ. ಬರ್ಕ್ಲಿಯಲ್ಲಿ ಹಾಗಿರಲಿಲ್ಲ, ಹಾಗಾಗಿ ಅಲ್ಲಿ ಮುಚ್ಚಿಸುವುದು ಅಷ್ಟು ಸುಲಭದ ಮಾತಲ್ಲ.

### ಇಷ್ಟಕ್ಕಿಂತ ಜಾಸ್ತಿ ಹೆಂಗಸರು ಒಂದೇ ಮನೆಯಲ್ಲಿದ್ದರೆ ಅದು ವೇಶ್ಯಾಗೃಹ ಎನ್ನುವ ಕಾನೂನು ಇದೆಯಂತೆ?

ಇಲ್ಲ. ಅಮೆರಿಕದ ಹೆಚ್ಚುಕಡಿಮೆ ಪ್ರತಿ ಕಾಲೇಜು ಊರಿನಲ್ಲೂ ಈ ಮಾತು ಓಡಾಡುತ್ತದೆ. ಒಂದೊಂದು ಊರಲ್ಲಿ ಒಂದೊಂದು ಸಂಖ್ಯೆ ಹೇಳುತ್ತಾರೆ. ಹುಡುಕಿದವರಿಗೆ ಅಂಥ ಕಾನೂನು ಎಲ್ಲೂ ಸಿಕ್ಕಿಲ್ಲ. ಸುಮ್ನೆ ಹಬ್ಬಿದ ಸುದ್ದಿ.

ನಿಜವಾಗಿ ಇರುವುದು ಬೇರೆ. ಯಾವ ಬಡಾವಣೆಯಲ್ಲಿ ಎಂಥ ಮನೆ ಇರಬಹುದು, ಸಂಬಂಧಿಕರಲ್ಲದವರು ಎಷ್ಟು ಜನ ಒಟ್ಟಿಗೆ ಇರಬಹುದು ಅನ್ನುವ ನಗರ ನಿಯಮಗಳು. ಇವು ಹೆಂಗಸರಿಗೆ ಮಾತ್ರ ಅಲ್ಲ, ಎಲ್ಲರಿಗೂ. ನ್ಯೂಯಾರ್ಕ್ ರಾಜ್ಯದ ಬೆಲ್ ಟೆರ್ ಎಂಬ ಹಳ್ಳಿಯಲ್ಲಿ ಆರು ವಿದ್ಯಾರ್ಥಿಗಳು ಒಂದು ಮನೆ ಹಿಡಿದಾಗ ಗಲಾಟೆಯಾಗಿ, 1974ರಲ್ಲಿ ಸುಪ್ರೀಂ ಕೋರ್ಟು ಹಳ್ಳಿಯ ನಿಯಮವನ್ನೇ ಎತ್ತಿಹಿಡಿಯಿತು. ಬರ್ಕ್ಲಿಗೆ ಈ ವಿಷಯದಲ್ಲಿ ವಿಶೇಷ ಸ್ಥಾನ ಇದೆ. ಒಂದು ಬಡಾವಣೆಯಲ್ಲಿ ಒಂದೊಂದೇ ಕುಟುಂಬದ ಮನೆಗಳಿರಬೇಕು ಎಂದು 1916ರಲ್ಲೇ ನಿಯಮ ತಂದ ಊರು ಅದು, ಎಲ್ಮ್‌ವುಡ್ ಭಾಗದಲ್ಲಿ. ಅಂಥ ನಿಯಮಗಳಿಂದ ದೂರ ಇಟ್ಟದ್ದು ಬಡವರನ್ನು ಮತ್ತು ಬಿಳಿಯರಲ್ಲದವರನ್ನು ಎಂದು ನಗರಸಭೆ 2021ರಲ್ಲಿ ಒಪ್ಪಿಕೊಂಡು, ಬದಲಾವಣೆಗೆ ಹೊರಟಿತು.

### 1960ರ ದಶಕದ ನಂತರ ಏನಾಯಿತು?

1960ರ ಆಸುಪಾಸಿನಲ್ಲಿ ಯೂನಿವರ್ಸಿಟಿ ಕೊನೆಗೂ ದೊಡ್ಡ ಹಾಸ್ಟೆಲ್ಲುಗಳನ್ನು ಕಟ್ಟಿತು. ದಕ್ಷಿಣ ಬದಿಯ ಹಳೆಯ ಮನೆಗಳನ್ನು ಕೆಡವಿ ಎಬ್ಬಿಸಿದ ಎತ್ತರದ ಕಟ್ಟಡಗಳು. ಅದೇ ಹೊತ್ತಿಗೆ ಚಳವಳಿಗಳ ಕಾಲ ಬಂತು. ರಾತ್ರಿ ಗಡುವು, ಹೌಸ್ ಮದರ್, ಆಯ್ಕೆಯ ಸಂಪ್ರದಾಯ ಎಲ್ಲ ಹಳೆಯದು ಅನ್ನಿಸಿ ಹುಡುಗಿಯರು ಸೇರುವುದು ಕಡಿಮೆಯಾಯಿತು. ಕೆಲವು ಚಾಪ್ಟರ್‌ಗಳು ಮುಚ್ಚಿದವು, ಮನೆಗಳು ಕೈ ಬದಲಿಸಿದವು. 1980ರ ದಶಕದಲ್ಲಿ ಮತ್ತೆ ಒಲವು ಮರಳಿತು.

1990ರ ಸೆಪ್ಟೆಂಬರ್‌ನಲ್ಲಿ ಬರ್ಕ್ಲಿಯ ಒಂದು ಫ್ರಾಟರ್ನಿಟಿ ಮನೆಗೆ ಬೆಂಕಿ ಬಿದ್ದು ಮೂವರು ವಿದ್ಯಾರ್ಥಿಗಳು ಸತ್ತರು. ಹಳೆಯ ಮರದ ಮನೆಯಲ್ಲಿ ಹತ್ತಾರು ಜನ ಮಲಗುವುದು ಎಷ್ಟು ಅಪಾಯ ಅನ್ನುವುದು ಊರಿಗೇ ಅರಿವಾಯಿತು. ಇನ್ನೊಂದು ಭಯ ನೆಲದಡಿಯಲ್ಲಿದೆ. ಭೂಕಂಪ ತರಬಲ್ಲ ಹೇವರ್ಡ್ ಬಿರುಕು ಯೂನಿವರ್ಸಿಟಿಯ ಸ್ಟೇಡಿಯಂ ಕೆಳಗೇ ಹಾದುಹೋಗುತ್ತದೆ. ಗ್ರೀಕ್ ಮನೆಗಳ ಸಾಲು ಅಲ್ಲಿಂದ ನಡಿಗೆಯ ದೂರ. ಹಾಗಾಗಿ ಹಳೆಯ ಸದಸ್ಯ ಹೆಂಗಸರು ಇವತ್ತು ಸಂಗ್ರಹಿಸುವ ದೇಣಿಗೆಯ ದೊಡ್ಡ ಪಾಲು ಬೆಂಕಿ ಆರಿಸಲು ಚಾವಣಿಯಿಂದ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್, ತಳಪಾಯ ಗಟ್ಟಿ ಮಾಡುವುದು ಇಂಥ ಕೆಲಸಕ್ಕೆ ಬೇಕಾಗುತ್ತದೆ.

### ಸೊರೋರಿಟಿ ಮನೆಗಳಲ್ಲಿ ಕುಡಿಯುವ ಪಾರ್ಟಿ ಇರುತ್ತದಾ?

26 ಹಳೆಯ ಸೊರೋರಿಟಿಗಳ ಒಕ್ಕೂಟ ಇದೆ, 1902ರಲ್ಲಿ ಶುರುವಾದದ್ದು. ಆ ಸಂಘಗಳ ಮನೆಯೊಳಗೆ ಸಾಮಾನ್ಯವಾಗಿ ಮದ್ಯ ತರುವಂತಿಲ್ಲ. ಪಾರ್ಟಿಗಳು ನಡೆಯುವುದು ಹೆಚ್ಚಾಗಿ ಹುಡುಗರ ಮನೆಗಳಲ್ಲಿ. ಇದರಿಂದ ಹುಡುಗಿಯರು ಬೇರೆಯವರ ಜಾಗದಲ್ಲಿ, ಬೇರೆಯವರ ನಿಯಮಕ್ಕೆ ಒಳಪಟ್ಟು ಇರಬೇಕಾಗುತ್ತದೆ ಅನ್ನುವ ದೂರು ಇದೆ. ಆ ದೂರಿನಲ್ಲಿ ಹುರುಳಿದೆ.

### ನಮ್ಮ ಕಡೆಯ ಹಾಸ್ಟೆಲ್ಲುಗಳಿಗೆ ಇದನ್ನು ಹೋಲಿಸಬಹುದಾ?

ಸರ್ಕಾರಿ ಹಾಸ್ಟೆಲ್ಲಿಗಿಂತ ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಸಮುದಾಯದ ಸಂಘಗಳು ಕಟ್ಟಿಸಿದ ವಿದ್ಯಾರ್ಥಿನಿಲಯಗಳಿಗೆ ಹೋಲಿಸಿದರೆ ಹತ್ತಿರ ಬರುತ್ತದೆ. ಅಲ್ಲೂ ಕಾಲೇಜು ಸೂರು ಕೊಡದಿದ್ದಾಗ ಹಿರಿಯರು ದುಡ್ಡು ಕೂಡಿಸಿ ಕಿರಿಯರಿಗೆ ಜಾಗ ಮಾಡಿಕೊಟ್ಟರು. ಅಲ್ಲೂ ನಮ್ಮವರು ಯಾರು ಅನ್ನುವ ಗೆರೆ ಇತ್ತು. ಆದರೆ ನಮ್ಮಲ್ಲಿ ಗೆರೆ ಹುಟ್ಟಿನದು, ದುಡ್ಡು ಕೂಡಿಸಿ ಆಡಳಿತ ನಡೆಸಿದವರು ಹೆಚ್ಚಾಗಿ ಗಂಡಸರು. ಸೊರೋರಿಟಿ ಮನೆಯ ಯಜಮಾನಿಕೆ ಮೊದಲಿಂದಲೂ ಹೆಂಗಸರದ್ದು.

### ಭಾರತೀಯ ಮೂಲದ ಹುಡುಗಿಯರ ಸೊರೋರಿಟಿಗಳು ಇವೆಯಾ?

ಇವೆ. 1998ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ, ನ್ಯೂಯಾರ್ಕಿನಲ್ಲಿ ಸಿಗ್ಮಾ ಸಿಗ್ಮಾ ರೋ ಶುರುವಾದವು. ಮರುವರ್ಷ ಟೆಕ್ಸಸ್ ಎ ಅಂಡ್ ಎಂನಲ್ಲಿ ಡೆಲ್ಟಾ ಕಪ್ಪಾ ಡೆಲ್ಟಾ ಬಂತು. ದಕ್ಷಿಣ ಏಷ್ಯಾದ ಸಂಸ್ಕೃತಿಯ ಒಲವಿರುವ ಸಂಘಗಳಿವು. ಕಪ್ಪು ಜನಾಂಗದ ಸಂಘಗಳ ಹಾಗೆ ಇವುಗಳಿಗೂ ಸಾಮಾನ್ಯವಾಗಿ ದೊಡ್ಡ ಸ್ವಂತ ಮನೆಗಳಿಲ್ಲ. ನೂರು ವರ್ಷದ ಹಿಂದೆ ಅಗ್ಗದಲ್ಲಿ ಜಾಗ ಕೊಂಡವರಿಗೂ, ಇವತ್ತಿನ ಬೆಲೆಯಲ್ಲಿ ಕೊಳ್ಳಬೇಕಾದವರಿಗೂ ಇರುವ ಅಂತರ ಇದು. ಇದನ್ನು ಇನ್ನೂ ಯಾರೂ ಸರಿ ಮಾಡಿಲ್ಲ.

### ಮಗಳು ಸೊರೋರಿಟಿ ಮನೆಯಲ್ಲಿ ಇರಬೇಕು ಅಂದರೆ ಏನೇನು ಕೇಳಬೇಕು?

ಮೊದಲು ಒಪ್ಪಂದ ಓದಿ. ಹಲವು ಚಾಪ್ಟರ್‌ಗಳಲ್ಲಿ ಸದಸ್ಯೆಯರು ಇಂತಿಷ್ಟು ಸಮಯ ಮನೆಯಲ್ಲಿ ಇರಲೇಬೇಕು ಅನ್ನುವ ನಿಯಮ ಇರುತ್ತದೆ. ಸೇರಿದ ಮೇಲೆ ಅದು ಗೊತ್ತಾದರೆ ಬೇರೆ ಕಡೆ ಹಿಡಿದ ಕೋಣೆಯ ದುಡ್ಡು ಹೋಗುತ್ತದೆ. ಬಾಡಿಗೆ ಬೇರೆ, ಊಟ ಬೇರೆ, ಸದಸ್ಯತ್ವದ ಶುಲ್ಕ ಬೇರೆಯಾ ಅಥವಾ ಎಲ್ಲ ಒಂದರಲ್ಲೇ ಇದೆಯಾ ಕೇಳಿ. ಮನೆಯಲ್ಲಿ ಇರದ ಸದಸ್ಯೆಯರೂ ಮನೆಯ ಖರ್ಚಿಗೆ ಒಂದಷ್ಟು ಕಟ್ಟಬೇಕಾಗಬಹುದು. ಸಸ್ಯಾಹಾರದ ಊಟ ದಿನಾ ಇರುತ್ತದಾ, ವಾರಾಂತ್ಯದಲ್ಲಿ ಅಡುಗೆಯವರು ಬರುತ್ತಾರಾ ಅನ್ನುವುದನ್ನು ಅಲ್ಲಿರುವ ಹುಡುಗಿಯರನ್ನೇ ವಿಚಾರಿಸಿ. ಸ್ಪ್ರಿಂಕ್ಲರ್ ಇದೆಯಾ, ಭೂಕಂಪಕ್ಕೆ ತಳಪಾಯ ಗಟ್ಟಿ ಮಾಡಿದ್ದಾರಾ ಎಂದು ಕೇಳಲು ಸಂಕೋಚ ಬೇಡ. ಉತ್ತರ ಹೌಸ್ ಕಾರ್ಪೊರೇಶನ್ನಿನ ಹಿರಿಯ ಹೆಂಗಸರ ಹತ್ತಿರ ಇರುತ್ತದೆ.